ಅತ್ತೆ ಮನೆಯ ಚಿಲಕ

ನನ್ನನ್ನು ಹೊತ್ತೊಯ್ದಿದ್ದರು ಎಂದು ನಾನು ಹೇಳಿದರೆ ನಮ್ಮ ಬಳಗದವರು ಇವತ್ತಿಗೂ ತಿದ್ದಲು ಬರುತ್ತಾರೆ. "ಹೊತ್ತೊಯ್ಯೋದು ಎಲ್ಲಿ ಬಂತವ್ವ? ಅತ್ತೆ ಮನೆಗೆ ಹೋಗಿದ್ದೆ, ಅಷ್ಟೇ ಅಲ್ಲೇನು?" ಎನ್ನುತ್ತಾರೆ. ಹೌದು, ಅತ್ತೆಯ ಮನೆಯೇ. ಆದರೆ ಆ ಮನೆಯಲ್ಲಿ ನಾನಿದ್ದ ಕೋಣೆಯ ಚಿಲಕ ಹೊರಗಡೆ ಇತ್ತು. ಚಿಲಕ ಯಾವ ಕಡೆಗಿತ್ತು ಎಂದು ಕೇಳದೆ ಮನೆ ಯಾರದು ಎಂದು ಕೇಳುವವರ ಜತೆ ನಾನು ವಾದ ಮಾಡುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಕಿವಿಯಿದ್ದವರು ಕೇಳಲಿ.

ಎಪ್ಪತ್ತೊಂಬತ್ತನೇ ಇಸವಿ. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮಪ್ಪ ಮುರುಗೇಶಪ್ಪನದು ಬೆಲ್ಲದ ಸಗಟು ವ್ಯಾಪಾರ. ಅಂಗಡಿಗೆ ಅಂಟಿಕೊಂಡೇ ನಮ್ಮ ಮನೆ. ನಾನು ಒಬ್ಬಳೇ ಮಗಳು. ಶಾಂತಕುಮಾರಿ ಎಂದು ಹೆಸರಿಟ್ಟರು. ಇಟ್ಟವರು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡರೋ ಗೊತ್ತಿಲ್ಲ. ಪಿಯುಸಿ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಪಕ್ಕದ ಮಿಷನ್ನಿನಲ್ಲಿ ಕುಟ್ಟುತ್ತಿದ್ದವಳು ಬಿಲ್ಕೀಸ್, ನಮ್ಮ ಬೀದಿಯ ಕೊನೆಯಲ್ಲಿದ್ದ ದರ್ಜಿ ನಬೀ ಸಾಬರ ಮಗಳು. ಪರೀಕ್ಷೆ ಪಾಸು ಮಾಡಿ ಯಾವುದಾದರೂ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಬೇಕು ಎನ್ನುವುದು ಇಬ್ಬರ ಆಸೆ. ಇದಕ್ಕಿಂತ ದೊಡ್ಡ ಆಸೆ ಇಟ್ಟುಕೊಂಡವರು ಮಂಡಿಪೇಟೆಯಲ್ಲಿ ಆಗ ಯಾರೂ ಇರಲಿಲ್ಲ ಎಂದು ನಾವು ತಿಳಿದಿದ್ದೆವು.

ಅಪ್ಪನ ಅಕ್ಕ ಮರುಳಸಿದ್ದಮ್ಮ ಹರಿಹರದಲ್ಲಿದ್ದಳು. ತಾಯಿ ಸತ್ತ ಮೇಲೆ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳ ಮುಂದೆ ಅಪ್ಪ ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವಳ ಮಗ ಕೊಟ್ರೇಶ. ನಾನು ತೊಟ್ಟಿಲಲ್ಲಿದ್ದಾಗಲೇ ಅತ್ತೆ ಬಗ್ಗಿ ನೋಡಿ, "ಇದು ನನ್ನ ಸೊಸೆ" ಎಂದಿದ್ದಳಂತೆ. ಆ ಹೊತ್ತಿಗೆ ನನಗೆ ಮಾತು ಬರುತ್ತಿರಲಿಲ್ಲವಾದ್ದರಿಂದ ಒಪ್ಪಿದೆ ಎಂದುಕೊಂಡಳೋ ಏನೋ. ಮಾತು ಬಂದ ಮೇಲೆ ನಾನು ಒಲ್ಲೆ ಎಂದೆ. ಅಪ್ಪ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ; "ನೋಡಾನ" ಎಂದ. ಆ "ನೋಡಾನ" ನನಗೆ ಮುಳುವಾಯಿತು.

ಒಂದು ಮಧ್ಯಾಹ್ನ ಕ್ಲಾಸು ಬಿಟ್ಟು ಹೊರಗೆ ಬಂದರೆ ಕೊಟ್ರೇಶ ಕಾರಿಗೆ ಒರಗಿ ನಿಂತಿದ್ದ. "ಅವ್ವಗೆ ಎದೆನೋವು ಬಂದೈತೆ. ಮಾವ ಆಗ್ಲೇ ಹರಿಹರಕ್ಕೆ ಹೋದ್ರು. ನಿನ್ನ ಕರ್ಕಂಡು ಬಾ ಅಂದ್ರು" ಎಂದ. ಹತ್ತಿದೆ. ಅತ್ತೆಯ ಮಗನ ಕಾರು ಹತ್ತುವಾಗ ಯಾರು ಪಂಚಾಂಗ ನೋಡುತ್ತಾರೆ? ಆಮೇಲೆ ಊರು ನನ್ನ ಮುಖಕ್ಕೆ ಹಿಡಿದ ಮೊದಲನೇ ಮಾತು ಇದೇ: ಕಾರು ನೀನೇ ಹತ್ತಿದೆಯಲ್ಲ.

ಹರಿಹರದ ಮನೆಯಲ್ಲಿ ಅತ್ತೆ ಗುಂಡುಕಲ್ಲಿನ ಹಾಗಿದ್ದಳು. ಅಪ್ಪ ಇರಲಿಲ್ಲ. ಅತ್ತೆ ನಗುತ್ತಲೇ ನನ್ನನ್ನು ಮಾಳಿಗೆ ಮೇಲಿನ ಕೋಣೆಗೆ ಕರೆದೊಯ್ದು, ಕುಡಿಯಲು ನೀರು ತರುತ್ತೇನೆಂದು ಹೊರಗೆ ಹೋದಳು. ಹಿಂದೆಯೇ ಖಟ್ ಎಂದು ಸದ್ದಾಯಿತು. ನಾನು ತಮಾಷೆ ಎಂದುಕೊಂಡೆ. ಬಾಗಿಲು ಬಡಿದೆ, ನಗುತ್ತಾ ಬಡಿದೆ. ಬಡಿಯುತ್ತಾ ಬಡಿಯುತ್ತಾ ನನ್ನ ನಗು ಎಲ್ಲಿ ನಿಂತಿತೋ ನೆನಪಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಏನೆಂದು ಶಾಲೆಯಲ್ಲಿ ಅರ್ಥ ಬರೆದು ಮಾರ್ಕು ತೆಗೆದುಕೊಂಡಿದ್ದೆ. ನಿಜವಾದ ಅರ್ಥ ಆ ಕೋಣೆಯಲ್ಲಿ ಗೊತ್ತಾಯಿತು.

ಸಂಜೆ ಕೊಟ್ರೇಶ ಬಂದ. "ಬರೋ ಸೋಮವಾರ ಮದುವೆ. ಅಯ್ಯನೋರಿಗೆ ಹೇಳೈತೆ. ಸುಮ್ಕಿದ್ರೆ ರೇಷ್ಮೆ ಸೀರೆ ಉಡಿಸಿ ತಾಳಿ ಕಟ್ತೀನಿ, ಇಲ್ಲಾಂದ್ರೆ ಇದೇ ಸೀರೇಲಿ ಕಟ್ತೀನಿ" ಎಂದ. ಕೈಗೆ ಸಿಕ್ಕ ತಂಬಿಗೆ ಎಸೆದೆ. ಹಣೆಗೆ ಸರಿಯಾಗಿ ಬಿತ್ತು. ಅವನೂ ಕೈ ಮಾಡಿದ, ನನ್ನ ತುಟಿ ಒಡೆಯಿತು. ಆ ಕೋಣೆಯಲ್ಲಿ ಇನ್ನೇನು ನಡೆಯಿತು ಎಂದು ಕೇಳಬೇಕೆಂದು ಬಾಯಿ ತುರಿಸುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಕೆಲವರು ಕಣ್ಣೀರು ಹಾಕಿ ಕೇಳಿದರು, ಕೆಲವರು ಕಾಫಿ ಕೊಟ್ಟು ಕೇಳಿದರು. ಯಾರಿಗೂ ಹೇಳಿಲ್ಲ, ಹೇಳುವುದಿಲ್ಲ. ಅದು ನನ್ನದು. ಅದನ್ನು ತಿಳಿದುಕೊಂಡು ನಿಮಗೇನೂ ಆಗಬೇಕಾಗಿಲ್ಲ.

ಕಿಟಕಿಗೆ ಬಾಯಿಟ್ಟು ಕೂಗಿದೆ. ಹಿಂದೆ ರೈಲ್ವೆ ಹಳಿ, ಅದರಾಚೆ ಬಯಲು. ಪಕ್ಕದ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಒಮ್ಮೆ ತಲೆಯೆತ್ತಿ ನೋಡಿ, ಅಯ್ಯೋ ಪಾಪ ಎನ್ನುವಂತೆ ಮುಖ ಮಾಡಿ ಒಳಗೆ ಹೋದಳು. ತಮ್ಮನ ಮಗಳಿಗೆ ಗಾಳಿ ಹಿಡಿದಿದೆ, ಬಿಡಿಸಲು ಕರೆತಂದಿದ್ದೇವೆ ಎಂದು ಅತ್ತೆ ಕೇರಿಗೆಲ್ಲ ಹೇಳಿಬಿಟ್ಟಿದ್ದಳು. ಗಾಳಿ ಹಿಡಿದವಳು ಕೂಗಿದಷ್ಟೂ ಗಾಳಿ ಗಟ್ಟಿಯಾಗುತ್ತದೆಯೇ ಹೊರತು ಯಾರೂ ಏಣಿ ತರುವುದಿಲ್ಲ. ಗಂಟಲು ಕಟ್ಟಿದ ಮೇಲೆ ಕೂಗುವುದನ್ನು ಬಿಟ್ಟೆ.

ಮೊದಮೊದಲು ಉಣ್ಣಲೂ ಇಲ್ಲ. ತಾಟು ತಂದಿಟ್ಟರೆ ಒದೆಯುತ್ತಿದ್ದೆ. ಕೊನೆಗೆ ತಲೆ ತಿರುಗಿ ಬಿದ್ದೆ. ನೆಲದ ಮೇಲೆ ಬಿದ್ದುಕೊಂಡಾಗಲೇ ಬುದ್ಧಿ ಬಂತು: ಎಲೇ, ಬಾಗಿಲು ತೆರೆಯುವ ದಿನ ಬಂದರೆ ನಿನ್ನ ಕಾಲಿನಲ್ಲಿ ಓಡುವ ಶಕ್ತಿ ಬೇಡವೇ? ಅಂದಿನಿಂದ ಉಂಡೆ. ಹಟ ಹಿಡಿದು ಉಂಡೆ. ಅತ್ತೆಯ ರೊಟ್ಟಿ, ಅತ್ತೆಯ ಪಲ್ಯ, ಅತ್ತೆಯ ಮೊಸರು, ಒಂದನ್ನೂ ಬಿಡಲಿಲ್ಲ. ತಲೆ ಕೆಡದಿರಲೆಂದು ಕೋಣೆಯಲ್ಲಿದ್ದ ಜೋಳದ ಚೀಲದ ಮೇಲೆ ಬೆರಳಿಟ್ಟು ಟೈಪಿಂಗ್ ಮಾಡುತ್ತಿದ್ದೆ. ಎ, ಎಸ್, ಡಿ, ಎಫ್. ಕ್ಲಾಸಿನ ಪಾಠವೆಲ್ಲ ಮುಗಿದ ಮೇಲೆ ಕೊಟ್ರೇಶನಿಗೆ ಬೈಗುಳ ಟೈಪ್ ಮಾಡಿದೆ. ನಮ್ಮ ಬೈಗುಳಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವುದು ಬಹಳ ಕಷ್ಟ, ಎಲ್ಲ ಬೆರಳುಗಳಿಗೂ ಕೆಲಸ ಬೀಳುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಗಂಜಿ ತಂದಳು. ಸ್ನಾನ ಮಾಡಿ ಹಣೆತುಂಬ ವಿಭೂತಿ ಹಚ್ಚಿದ್ದಳು. ಅತ್ತೆ ಎಂಥವಳೇ ಇರಲಿ, ಲಿಂಗಪೂಜೆಯಾಗದೆ ಒಂದು ಹನಿ ನೀರು ಬಾಯಿಗೆ ಬಿಡುವವಳಲ್ಲ. ನನ್ನ ಕೊರಳಲ್ಲೂ ಲಿಂಗವಿತ್ತು. ಇತ್ತು ಅಷ್ಟೇ. ಮನೆಯಲ್ಲಿ ಅವ್ವ ಬೈದರೆ ಎಡಗೈ ಮೇಲೆ ಇಟ್ಟುಕೊಂಡು, ಎರಡು ಪತ್ರೆ ಏರಿಸಿ, ಕಣ್ಣು ಮಿಟುಕಿಸುವುದರಲ್ಲಿ ಮುಗಿಸುತ್ತಿದ್ದವಳು ನಾನು. ಅತ್ತೆಯ ಹಣೆ ನೋಡಿದ್ದೇ ನನಗೊಂದು ದಾರಿ ಕಂಡಿತು.

"ಅತ್ತೇ, ಪೂಜೆ ಮಾಡದೆ ಉಂಡು ಉಂಡು ನಂಗೆ ಪಾಪ ಬರ್ತೈತೆ. ಈ ಪಾಪ ಯಾರಿಗೆ ಹೋಗ್ತೈತಿ? ಪೂಜೆಗೆ ನೀರು ಕೊಡದಿದ್ದೋರಿಗೆ ಅಲ್ಲೇನು?" ಎಂದೆ.

ಅತ್ತೆಯ ಮುಖ ಬಿಳಿಚಿಕೊಂಡಿತು. ಅರ್ಧ ಗಳಿಗೆಯಲ್ಲಿ ಬಿಸಿನೀರು, ಮಡಿ ಸೀರೆ, ವಿಭೂತಿ, ಬಿಲ್ವಪತ್ರೆ, ಮಣೆ ಎಲ್ಲ ಬಂತು. ಸ್ನಾನಕ್ಕೆ ಕೆಳಗಿನ ಬಚ್ಚಲಿಗೆ ಕರೆದೊಯ್ದಳು. ಆ ಹತ್ತು ಮೆಟ್ಟಿಲು ಇಳಿದದ್ದೇ ನನಗೆ ಊರು ಸುತ್ತಿ ಬಂದಂತಾಯಿತು. ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿ ಇರುವಷ್ಟು ಹೊತ್ತು ಕೂತವರನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ, ಎಬ್ಬಿಸುವಂತಿಲ್ಲ. ಹುಟ್ಟಿದಾಗಿನಿಂದ ಕೇಳಿದ ಈ ಕಟ್ಟಳೆಯ ಬೆಲೆ ನನಗೆ ಅವತ್ತು ತಿಳಿಯಿತು. ಆ ಹೊತ್ತು ಪೂರ್ತಿ ನನ್ನದು. ಮರುದಿನ ಪೂಜೆಯನ್ನು ಇನ್ನಷ್ಟು ಎಳೆದೆ. ಅದರ ಮರುದಿನ ಇನ್ನಷ್ಟು. ಒಮ್ಮೆ ಕೊಟ್ರೇಶ ದಡದಡ ಮೇಲೆ ಬಂದು, "ಏಳೇ, ಮಾತಾಡಾದೈತೆ" ಎಂದ. ಅತ್ತೆ ಓಡಿಬಂದು ಅವನ ಅಂಗಿ ಹಿಡಿದು ಎಳೆದಳು. "ಪೂಜೆಗೆ ಕೂತೋರನ್ನ ಎಬ್ಬಿಸ್ತೀಯೇನೋ ಮುಂಡೇಗಂಡ! ಮನೆ ಹಾಳಾಗಿ ಹೋಗ್ತೈತೆ" ಎಂದು ಬೈದು ಕೆಳಗಟ್ಟಿದಳು. ಒಬ್ಬಳನ್ನು ಕೂಡಿಹಾಕಿದರೆ ಹಾಳಾಗದ ಮನೆ, ಪೂಜೆಯಿಂದ ಎಬ್ಬಿಸಿದರೆ ಹಾಳಾಗುತ್ತದಂತೆ. ನಾನು ಕಣ್ಣು ಮುಚ್ಚಿಕೊಂಡೇ ಒಳಗೊಳಗೆ ನಕ್ಕೆ. ಬಾಗಿಲು ಬಡಿಯುವಾಗ ನಿಂತ ನಗು ತಿರುಗಿ ಬಂದದ್ದು ಅವತ್ತೇ.

ಭಾನುವಾರ ಬಂತು. ಮರುದಿನವೇ ಮದುವೆ. ನಾನು ತಲೆ ತಗ್ಗಿಸಿ ಹೇಳಿದೆ: "ಆಗ್ಲಿ ಅತ್ತೆ. ಆದ್ರೆ ಮದುವೆಗೆ ಮುಂಚೆ ಒಂದು ಸಲ ಹೊಳೆ ಸ್ನಾನ ಆಗಬೇಕು. ಹೊಳೆದಂಡೆ ಮೇಲೆ ಪೂಜೆ ಮಾಡಿ ಬರಾನ." ಅತ್ತೆಗೆ ಕಣ್ಣಲ್ಲಿ ನೀರೇ ಬಂತು. ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಸೊಸೆ ದಾರಿಗೆ ಬಂದಳು ಎಂದು ಆಕೆಗೆ ನಿಜವಾಗಿಯೂ ಸಂತೋಷವಾಗಿತ್ತು. ಕೊಟ್ರೇಶ ಮದುವೆ ಮಾಡಿಸುವ ಅಯ್ಯನವರನ್ನು ಕಾಣಲು ಹೋಗಿದ್ದ. ಅವನು ಕಾವಲಿಗಿಟ್ಟಿದ್ದ ಆಳನ್ನು ಜತೆಗೆ ಕರೆದುಕೊಂಡು ಅತ್ತೆ ನನ್ನನ್ನು ತುಂಗಭದ್ರೆಗೆ ಕರೆತಂದಳು.

ಬೇಸಿಗೆ. ಹೊಳೆ ಸಣ್ಣಗಾಗಿ ಮರಳು ಮೇಲೆದ್ದಿತ್ತು. ಹೆಂಗಸರು ಮೀಯುವ ಕಡೆಗೆ ಮುಖ ಮಾಡಬಾರದೆಂದು ಆ ಆಳು ಮೇಲಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತು ಬೀಡಿ ಹಚ್ಚಿದ. ಕಾವಲು ಕಾಯುವವನಿಗೂ ಮರ್ಯಾದೆ ಬಿಡುವಂತಿಲ್ಲ ನೋಡಿ. ಇಬ್ಬರೂ ಮಿಂದೆವು. ಅತ್ತೆ ಮೆಟ್ಟಿಲ ಮೇಲೆ ಕೂತು, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿದಳು. ನಾನೂ ಪಕ್ಕದಲ್ಲಿ ಕೂತಂತೆ ಮಾಡಿದೆ. ಆಕೆಯ ತುಟಿ ಅಲುಗಲು ಶುರುವಾದ ಮೇಲೆ ಎದ್ದೆ. ಅತ್ತೆ ಕಣ್ಣು ಬಿಟ್ಟು ನೋಡಿದಳು. ನಾನೂ ನೋಡಿದೆ. ಆಕೆ ಏಳಲಿಲ್ಲ, ಕೂಗಲಿಲ್ಲ. ತುಟಿ ಅಲುಗುತ್ತಲೇ ಇತ್ತು. ನಾನು ತಿರುಗಿ ನಡೆದೆ.

ಈ ಕಥೆ ಕೇಳಿದ ಕೆಲವರು, ಅತ್ತೆಯೇ ಮನಸ್ಸು ಕರಗಿ ನಿನ್ನನ್ನು ಬಿಟ್ಟಳು ಎನ್ನುತ್ತಾರೆ. ಬಿಡಲಿಲ್ಲ. ಪೂಜೆಯ ನಡುವೆ ಏಳಬಾರದಿತ್ತು, ಏಳಲಿಲ್ಲ, ಅಷ್ಟೇ. ಕಟ್ಟಳೆ ಇದ್ದ ಕಡೆ ಕರುಣೆಯೂ ಇತ್ತು ಎಂದು ಸೇರಿಸಿ ಹೇಳುವ ಅಭ್ಯಾಸ ನನಗಿಲ್ಲ.

ಒದ್ದೆ ಸೀರೆಯಲ್ಲಿ ಮರಳಿನ ಮೇಲೆ ಹೋಗುವವಳನ್ನು ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? "ಯಾರ ಪೈಕಿ ನೀನು?" "ಯಾರ ಮಗಳವ್ವ?" "ಒಬ್ಬಳೇ ಯಾಕ ಬಂದಿ?" ಹೇಳಿದರೆ ಅತ್ತೆಗೇ ಒಪ್ಪಿಸಿಬಿಡುತ್ತಾರೆ ಎಂದು ಬಾಯಿ ಬಿಗಿಹಿಡಿದು ನಡೆದೆ. ಸ್ವಲ್ಪ ಮುಂದೆ ಒಬ್ಬ ಮುದುಕ ನೀರಿನಲ್ಲಿ ಕುದುರೆ ತೊಳೆಯುತ್ತಿದ್ದ. ದಂಡೆಯಲ್ಲಿ ಅವನ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ನನ್ನ ಒಡೆದ ತುಟಿ ನೋಡಿ, ನಾನು ಹಿಂದೆ ತಿರುಗಿ ತಿರುಗಿ ನೋಡುವುದನ್ನು ನೋಡಿ, ಅವಳು ಒಂದೇ ಮಾತು ಕೇಳಿದಳು.

"ಎಲ್ಲಿಗೆ ಹೋಗಬೇಕವ್ವ?"

ಇಷ್ಟು ದಿನಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ನನಗೆ ಅಳು ಬಂದುಬಿಟ್ಟಿತು. "ದಾವಣಗೆರೆಗೆ" ಎಂದೆ. ಅವಳು ಮತ್ತೇನೂ ಕೇಳದೆ ಒಣಗಿದ ಚಾದರವೊಂದನ್ನು ನನ್ನ ಮೇಲೆ ಹೊದಿಸಿ, ಗಂಡನ ಕಡೆಗೆ ತಿರುಗಿ, "ಅಜೀ, ಗಾಡಿ ಕಟ್ಟು" ಎಂದಳು. ಅವಳು ಖೈರುನ್ನೀಸಾ, ಅವನು ಹಯಾತ್ ಸಾಬ್. ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುವವರು. ರೈಲು, ಬಸ್ಸು ಎರಡೂ ಬೇಡ, ಹುಡುಕುವವರು ಮೊದಲು ಅಲ್ಲಿಗೇ ಬರುತ್ತಾರೆ ಎಂದು ಖೈರುನ್ನೀಸಾಳೇ ಹೇಳಿದಳು. "ಕುದ್ರೆ ಈಗ ಮಿಂದೈತೆ, ಹುರುಪಲ್ಲೈತೆ. ದಾವಣಗೆರೆ ತಂಕ ಹೊಡಿ" ಎಂದಳು.

ಕುದುರೆಗೆ ಹುರುಪು ಇದ್ದದ್ದು ಊರು ದಾಟುವ ತನಕ ಮಾತ್ರ. ಪಿ.ಬಿ. ರಸ್ತೆಯಲ್ಲಿ ಸೈಕಲ್ಲಿನವರೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದರು. ಇಷ್ಟು ನಿಧಾನವಾಗಿ ತಪ್ಪಿಸಿಕೊಂಡು ಹೋದವರು ಲೋಕದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ಜಟಕಾದ ಪರದೆಯ ಸಂದಿಯಿಂದ ನೋಡಿದರೆ ಕೊಟ್ರೇಶನ ಕಾರು. ಚಾದರವನ್ನು ತಲೆ ಮೇಲೆ ಎಳೆದುಕೊಂಡೆ. ಹಯಾತ್ ಸಾಬ್ ಜಟಕಾವನ್ನು ಪಕ್ಕಕ್ಕೆ ಸರಿಸಿ, ದಾರಿ ಬಿಟ್ಟು, ಸಲಾಮೂ ಹೊಡೆದ. ಕಾರು ಧೂಳೆಬ್ಬಿಸಿಕೊಂಡು ಮುಂದೆ ಹೋಯಿತು.

ಹಾಗಾಗಿ ನಾನು ಮಂಡಿಪೇಟೆ ತಲುಪಿದಾಗ ಅವನ ಕಾರು ನಮ್ಮ ಮನೆಯ ಮುಂದೆಯೇ ನಿಂತಿತ್ತು. ಪಡಸಾಲೆಯಲ್ಲಿ ಅವನು ಚಹಾ ಕುಡಿಯುತ್ತಿದ್ದ, ಎದುರಿಗೆ ಅಪ್ಪ. ನನ್ನನ್ನು ನೋಡಿ ಅಪ್ಪ ಎದ್ದು ಹೊರಗೆ ಬಂದ. ಓಡಿಬಂದು ಅಪ್ಪಿಕೊಳ್ಳುತ್ತಾನೆ ಎಂದುಕೊಂಡೆ.

"ಅತ್ತೆ ಮನ್ಯಾಗೆ ಸುಖವಾಗಿದ್ದೋಳು ಹೇಳ್ದೆ ಕೇಳ್ದೆ ಯಾಕ ಬಂದಿ?" ಎಂದ.

ಅತ್ತೆ ಮೊದಲ ದಿನವೇ ಹೇಳಿಕಳಿಸಿದ್ದಳಂತೆ: ಶಾಂತಿ ನಮ್ಮಲ್ಲಿದ್ದಾಳೆ, ಕೊಟ್ರೇಶನ ಜತೆ ತಾನೇ ಬಂದಳು, ಚಿಂತೆ ಬೇಡ. ಅಪ್ಪ ನಂಬಿದ್ದ. ನಂಬುವುದು ಸುಲಭವಾಗಿತ್ತು, ಅದಕ್ಕೇ ನಂಬಿದ್ದ. ನಾನು ಕಿಟಕಿಯಲ್ಲಿ ಕೂಗುತ್ತಿದ್ದಾಗ ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ ಎಂದು ತಿಳಿದ ಆ ಗಳಿಗೆ ಇದೆಯಲ್ಲ, ಅತ್ತೆಯ ಮಾಳಿಗೆಗಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಒಳಗೆ ಹೋಗಲಿಲ್ಲ. ನಡುಬೀದಿಯಲ್ಲಿ ನಿಂತೆ. ಬೆಲ್ಲದ ಮೂಟೆ ಹೊತ್ತ ಹಮಾಲರಿದ್ದರು, ಅಂಗಡಿಯವರಿದ್ದರು, ಗಿರಾಕಿಗಳಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. "ಕೇಳ್ರಪ್ಪಾ! ಈ ಕೊಟ್ರೇಶ ನನ್ನ ಸುಳ್ಳು ಹೇಳಿ ಕಾರಲ್ಲಿ ಹೊತ್ಕಂಡು ಹೋದ. ಮಾಳಿಗೆ ಮೇಲೆ ಕೂಡಿಹಾಕಿ ಹೊರಗಿಂದ ಚಿಲಕ ಹಾಕಿದ್ರು. ಹೊಡೆದ. ನಾಳೆ ತಾಳಿ ಕಟ್ಟೋನಿದ್ದ. ನಾನು ತಪ್ಪಿಸ್ಕಂಡು ಬಂದೀನಿ!" ಹಮಾಲರು ಮೂಟೆ ಹೊತ್ತುಕೊಂಡೇ ನಿಂತುಬಿಟ್ಟರು. ಕೊಟ್ರೇಶ ಚಹಾದ ಕಪ್ಪು ಇಟ್ಟು, ತಲೆ ತಗ್ಗಿಸಿ, ಕಾರು ಹತ್ತಿ ಹೋದ. ಅಪ್ಪ ಮಾತ್ರ ತಲೆ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತ. ಮಗಳನ್ನು ಹೊತ್ತೊಯ್ದದ್ದಕ್ಕಲ್ಲ, ಮಗಳು ಬೀದಿಯಲ್ಲಿ ಕೂಗಿದ್ದಕ್ಕೆ.

ಆ ದಿನ ಅಪ್ಪ ನನ್ನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ. "ನಿನ್ನ ಒಳ್ಳೇದಕ್ಕೇ" ಎಂದ. ಖಟ್. ಅದೇ ಸದ್ದು. ಗೋಡೆ ಹಿಡಿದು ಕೂತುಬಿಟ್ಟೆ. ಈಗಲೂ ಅಷ್ಟೇ. ಎಷ್ಟೋ ವರ್ಷಗಳಾದವು, ಬೇರೆಯವರ ಮನೆಯಲ್ಲಿ ಬಚ್ಚಲಿಗೆ ಹೋದರೆ ಚಿಲಕ ಹಾಕದೆ ಒಂದು ಬಕೆಟ್ ಅಡ್ಡ ಇಡುತ್ತೇನೆ. ನಗುವವರು ನಗಲಿ, ಬಕೆಟ್ಟಿಗೇನೂ ಬೇಜಾರಿಲ್ಲ.

ಬೆಳಿಗ್ಗೆ ಅವ್ವ ಬಾಗಿಲು ತೆರೆದಳು. ನನ್ನ ಅವ್ವ ಕಮಲಕ್ಕ ಎಂದರೆ ಬೀದಿಯವರಿಗೆ ಬಹಳ ಒಳ್ಳೆಯವಳು, ಏಕೆಂದರೆ ಬಾಯಿಯೇ ಇಲ್ಲದವಳು. ನಾನು ನೇರವಾಗಿ ಬಿಲ್ಕೀಸಳ ಮನೆಗೆ ಹೋಗಿ, ಹೊಲಿಗೆ ಮಿಷನ್ನಿನ ತಿರುಪುಳಿ ಇಸಿದುಕೊಂಡು ಬಂದೆ. ಬಿಲ್ಕೀಸಳೂ ಹಿಂದೆಯೇ ಬಂದಳು. ಅಪ್ಪನ ಕಣ್ಣೆದುರಿಗೇ ನನ್ನ ಕೋಣೆಯ ಚಿಲಕ ಬಿಚ್ಚಿದೆ. ತುಕ್ಕು ಹಿಡಿದ ತಿರುಪು, ಕೈ ಬೊಬ್ಬೆ ಬಂತು. ಬಿಲ್ಕೀಸಳೂ ಕೈ ಹಾಕಿದಳು. ಬಿಚ್ಚಿದ ಚಿಲಕವನ್ನು ಅಪ್ಪನ ಕೈಗೆ ಕೊಟ್ಟು, "ಇದನ್ನ ಅಂಗಡೀಗೆ ಹಾಕ್ಕೋ, ಬೆಲ್ಲ ಓಡಿಹೋಗ್ತೈತೆ" ಎಂದು ಹೇಳಿ ಟೈಪಿಂಗ್ ಕ್ಲಾಸಿಗೆ ಹೊರಟೆ. ಮಂಡಿಪೇಟೆಗೆ ಮಂಡಿಪೇಟೆಯೇ ನೋಡಿತು. ಬಿಲ್ಕೀಸ್ ನನ್ನ ಕೈ ಹಿಡಿದುಕೊಂಡಿದ್ದಳು. "ನಡುಗ್ತಿದ್ದೀಯಲ್ಲೇ" ಎಂದಳು. "ಸಿಟ್ಟಿಗೆ" ಎಂದೆ. ಸಿಟ್ಟೂ ಇತ್ತು, ಹೆದರಿಕೆಯೂ ಇತ್ತು. ಹೆದರಿಕೆ ಹೋಗಲಿ ಎಂದು ಕಾದಿದ್ದರೆ ನಾನು ಇವತ್ತಿಗೂ ಆ ಕೋಣೆಯಲ್ಲೇ ಇರುತ್ತಿದ್ದೆ.

ಪೊಲೀಸು, ಕೇಸು ಎಂದೆ. ಅಪ್ಪ ಕೈಮುಗಿದುಬಿಟ್ಟ. ಅದಕ್ಕೆ ಅಪ್ಪನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಕೇಸಿನ ಬದಲು ಬಂದದ್ದು ಹಿರಿಯರ ಸಭೆ. ಬೀದಿಯಲ್ಲಿ ನಾನು ಕೂಗಿದ ಮೇಲೆ ಮಾನ ಉಳಿಸುವ ದಾರಿ ಒಂದೇ, ಮದುವೆ ಎಂದು ಅತ್ತೆ ಅತ್ತಳಂತೆ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಮಾನ ಮಾಡುವುದರಲ್ಲಿ ಹೆಸರು ಮಾಡಿದ್ದ ವಾಮದೇವಪ್ಪನವರನ್ನು ಕರೆಸಿದಳಂತೆ.

ವಾಮದೇವಪ್ಪನವರು ಇನ್ನೂ ನಾಲ್ಕು ಮಂದಿ ಹಿರಿಯರನ್ನು ಕೂಡಿಕೊಂಡು ಒಂದು ದಿನ ಬೆಳಿಗ್ಗೆಯೇ ಬಂದರು. ಅತ್ತೆ, ಕೊಟ್ರೇಶ ಒಂದು ಕಡೆ. ಅಪ್ಪ ಒಂದು ಕಡೆ. ನನ್ನನ್ನು ಕರೆದು ಕಂಬಕ್ಕೆ ಒರಗಿಸಿ ನಿಲ್ಲಿಸಿದರು.

"ನಾನೇನು ಸುಳ್ಳು ಹೇಳಾಕಿಲ್ಲ" ಎಂದು ಅತ್ತೆ ಶುರು ಮಾಡಿದಳು. "ಕಾರು ತಾನೇ ಹತ್ತಿ ಬಂದ್ಲು. ನಮ್ಮ ಮನ್ಯಾಗೆ ಹೊಟ್ಟೆ ತುಂಬ ಉಂಡ್ಲು. ದಿನಾ ಗಂಟೆಗಟ್ಟಲೆ ಪೂಜೆ ಮಾಡಿದ್ಲು. ಹೊಳೆ ಸ್ನಾನ ಆಗಬೇಕು ಅಂತ ತಾನೇ ಬಾಯ್ಬಿಟ್ಟು ಕೇಳಿದ್ಲು. ಮನಸ್ಸಿಲ್ಲದೋಳು ಇಷ್ಟೆಲ್ಲ ಮಾಡ್ತಾಳೇನ್ರಿ? ಸುಳ್ಳಾದ್ರೆ ಸುಳ್ಳು ಅನ್ಲಿ."

ಒಂದೂ ಸುಳ್ಳಲ್ಲ. ಅದೇ ಕಷ್ಟ. ನನ್ನ ಜೀವ ಉಳಿಸಿದ ಒಂದೊಂದು ತುತ್ತನ್ನೂ ತಾಟಿನಲ್ಲಿಟ್ಟು ನನ್ನ ವಿರುದ್ಧವೇ ಬಡಿಸುತ್ತಿದ್ದಳು.

ವಾಮದೇವಪ್ಪನವರು ತಲೆದೂಗಿದರು. "ಹುಡುಗ್ರು, ಸಿಟ್ಟಿನ ಕೈಗೆ ಬುದ್ಧಿ ಕೊಡ್ತಾರೆ. ಆಗಿದ್ದು ಆತು. ಅವನೇನು ಹೊರಗಿನೋನಾ? ಸೋದರತ್ತೆ ಮಗ. ಬರೋ ಲಗ್ನದಾಗೆ ಮುಗಿಸಿಬಿಡ್ರಿ. ಏನಂತಿ ತಾಯಿ?"

ಎಲ್ಲರೂ ನನ್ನನ್ನೇ ನೋಡಿದರು. ಹೂಂ ಎಂದರೆ ಜೀವಮಾನವೆಲ್ಲ ಆ ಮಾಳಿಗೆ. ಊಹೂಂ ಎಂದರೆ ನನ್ನ ಬಾಯಿ ಮುಚ್ಚಿಸಲು 'ನೀನೇ ಉಂಡೆಯಲ್ಲ' ಎಂಬ ಒಂದು ಮಾತು ಸಾಕು.

"ಹೇಳ್ತೀನ್ರಿ" ಎಂದೆ. "ಆದ್ರೆ ಇವತ್ತು ನಂದು ಪೂಜೆ ಆಗಿಲ್ಲ. ಪೂಜೆ ಮಾಡ್ಕಂಡು ಹೇಳ್ತೀನಿ. ಅಲ್ಲೀ ತಂಕ ಕೂಡ್ರಿ."

ಹಿರಿಯರಿಗೆ ಬಹಳ ಸಂತೋಷವಾಯಿತು. ಇಂಥ ಸಂಸ್ಕಾರ ಈಗಿನ ಹುಡುಗಿಯರಲ್ಲಿ ಎಲ್ಲಿದೆ ಎಂದರು. ಬೀದಿಯವರು ಇಣುಕುತ್ತಾರೆಂದು ನಾನು ತಲೆಬಾಗಿಲು ಮುಚ್ಚಿ ಅಗುಳಿ ಹಾಕಿದೆ. ಅದಕ್ಕೂ ಭೇಷ್ ಎಂದರು. ಬಾಗಿಲಿಗೆ ಬೆನ್ನುಕೊಟ್ಟು ಮಣೆ ಹಾಕಿಕೊಂಡು ಕೂತೆ. ಲಿಂಗ ಎಡಗೈಗೆ ಬಂತು. ವಿಭೂತಿ, ಪತ್ರೆ. ಕಣ್ಣು ಮುಚ್ಚಿದೆ.

ಅವ್ವ ಉಪ್ಪಿಟ್ಟು ತಂದಳು. ತಿಂದರು. ಚಹಾ ಬಂತು, ಕುಡಿದರು. ಮಳೆ ಬೆಳೆ, ಬೆಲ್ಲದ ಧಾರಣೆ ಮಾತಾಡಿದರು. ಮತ್ತೊಂದು ಸಲ ಉಪ್ಪಿಟ್ಟು. ಆಮೇಲೆ ಮಾತು ತೆಳ್ಳಗಾಯಿತು. ಯಾರೋ ಕೆಮ್ಮಿದರು. ಒಬ್ಬರಿಗೆ ಅಂಗಡಿಗೆ ಲಾರಿ ಬರುವುದಿತ್ತು. ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ. ಹಿತ್ತಲಿಗೆ ಹೋಗಬೇಕೆಂದು ಎದ್ದು ಹೋದವರು ಹಾಗೇ ಹಿಂದಿರುಗಿ ಬಂದರು. ಹಿತ್ತಲ ಬಾಗಿಲಿಗೆ ಬೀಗ ಬಿದ್ದಿತ್ತು.

"ಕೀಲಿ ಎಲ್ಲಿಟ್ಟೆನೋ, ನೆನಪಾಗವಲ್ದು ನೋಡ್ರಿ" ಎಂದಳು ಅವ್ವ.

ನಾನು ಅವ್ವನಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಬಾಯಿಯಿಲ್ಲದ ನನ್ನ ಅವ್ವ ತಾನಾಗಿಯೇ ಎದ್ದು ಹೋಗಿ ಬೀಗ ಹಾಕಿ ಬಂದಿದ್ದಳು. ಮುಚ್ಚಿದ ಕಣ್ಣಿನೊಳಗೇ ನನಗೆ ನೀರು ತುಂಬಿತು.

ಬಿಸಿಲು ಗವಾಕ್ಷಿಯಿಂದ ನಡುಮನೆಗೆ ಬಂತು. ಮತ್ತೆ ಹೋಯಿತು. "ಇನ್ನೂ ಎಷ್ಟೊತ್ತವ್ವ?" ಎಂದರು ಒಬ್ಬರು. ನಾನು ಅಲುಗಲಿಲ್ಲ. ಕೊಟ್ರೇಶ ತಾಳ್ಮೆಗೆಟ್ಟು ಎದ್ದು ಬಂದ. "ಇದೆಲ್ಲ ನಾಟಕ, ಸರಿ ಅತ್ಲಾಗೆ" ಎಂದು ನನ್ನ ಭುಜಕ್ಕೆ ಕೈ ಹಾಕಲು ಬಂದ.

"ಮುಟ್ಟಬ್ಯಾಡ!" ಎಂದು ಕಿರುಚಿದವಳು ಅತ್ತೆ. "ಪೂಜೆಗೆ ಕುಂತೋರನ್ನ ಮುಟ್ಟಬ್ಯಾಡ!" ಕೊಟ್ರೇಶನ ಕೈ ಅಲ್ಲೇ ನಿಂತಿತು. ವಾಮದೇವಪ್ಪನವರೂ, "ತಪ್ಪು ಕೊಟ್ರೇಶಿ, ಕೂಡು" ಎಂದರು. ಅಷ್ಟೂ ಜನ ಮತ್ತೆ ಕೂತರು.

ಸಕ್ಕರೆ ಕಾಯಿಲೆಯವರು ಕಾಲಿಗೆ ಕಾಲು ಒತ್ತಿ ಹಿಡಿದುಕೊಂಡದ್ದು ಗೊತ್ತಾದ ಮೇಲೆ ನಾನು ಲಿಂಗವನ್ನು ಕಣ್ಣಿಗೊತ್ತಿ ಕೊರಳ ಕರಡಿಗೆಯಲ್ಲಿಟ್ಟೆ. ಎದ್ದೆ. ಅಗುಳಿ ತೆಗೆಯಲಿಲ್ಲ.

"ವಾಮದೇವಪ್ನೋರೆ, ಉಪ್ಪಿಟ್ಟು ಹೆಂಗಿತ್ರಿ?"

"ಆಂ? ಚಲೋ ಇತ್ತವ್ವ."

"ಎಲ್ಡು ಸಲ ಹಾಕಿಸ್ಕಂಡ್ರಿ. ಚಹಾ ಕುಡಿದ್ರಿ. ನಗ್ತಾ ಮಾತಾಡಿದ್ರಿ. ನಮ್ಮ ಮನೆಗೆ ಯಾರಾದ್ರೂ ಹೊತ್ಕಂಡು ಬಂದ್ರಾ? ನಿಮ್ಮ ಕಾಲಲ್ಲೇ ಬಂದ್ರಿ. ಬಾಗಲು ತೆಗೀರಿ ಅಂತ ಒಬ್ರೂ ಕೂಗ್ಲಿಲ್ಲ. ಮನಸ್ಸಿಲ್ಲದೋರು ಇಷ್ಟೆಲ್ಲ ಮಾಡ್ತಾರೇನ್ರಿ? ಹಂಗಾದ್ರೆ ನೀವು ಒಪ್ಪಿ ಕುಂತಿದ್ರಿ ಅಂತಾತು. ಇನ್ನ ಮೇಲೆ ಇಲ್ಲೇ ಇರ್ರಿ. ಸಾಯೋ ತಂಕ ಇರ್ರಿ. ಹಾಸಿಗೆ ಹಾಕಿಸ್ತೀನಿ."

ಒಬ್ಬೊಬ್ಬರೇ ಅಗುಳಿಯ ಕಡೆ ನೋಡಿದರು. ಬೀದಿಯಲ್ಲಿ ಗಾಡಿಯೊಂದು ಗಡಗಡ ಹೋದದ್ದು ಕೇಳಿತು.

"ನಿಮಗೆ ಒಂದು ಹೊತ್ತು ಆಗಲಿಲ್ಲ" ಎಂದೆ. "ನಾನೂ ಹಿಂಗೇ ಉಂಡೀನಿ. ಹಿಂಗೇ ಕುಂತೀನಿ. ಬಾಗಲು ತೆಗೀಲಿ ಅಂತ ಉಂಡೆ, ಇರ್ಬೇಕು ಅಂತಲ್ಲ. ನಂದು ಉತ್ತರ ಊಹೂಂ. ಇನ್ನೊಂದು ಸಲ ಕೇಳಾಕೆ ಬಂದ್ರೆ ಇನ್ನೊಂದು ಸಲ ಪೂಜೆಗೆ ಕೂರ್ತೀನಿ."

ವಾಮದೇವಪ್ಪನವರು ತಮ್ಮ ಕೈಗಳನ್ನು ನೋಡಿಕೊಂಡರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಅಪ್ಪ ಎದ್ದ. ಜನ್ಮದಲ್ಲಿ ಒಂದು ತೀರ್ಮಾನ ಮಾಡದ ನನ್ನಪ್ಪ ನನ್ನನ್ನು ದಾಟಿ ಬಂದು, ತಾನೇ ಅಗುಳಿ ಸರಿಸಿ, ಎರಡೂ ಬಾಗಿಲನ್ನು ಹಾರುಹೊಡೆದು ತೆರೆದ.

"ಅಕ್ಕಾ, ಕೊಟ್ರೇಶನ್ನ ಕರ್ಕಂಡು ಹೋಗು" ಎಂದ. "ಇನ್ನ ಈ ಮಾತು ನನ್ನ ಹೊಸ್ತಿಲ ಒಳಗೆ ಬ್ಯಾಡ." ಈ ಸಲ 'ನೋಡಾನ' ಎನ್ನಲಿಲ್ಲ.

ಸಕ್ಕರೆ ಕಾಯಿಲೆಯವರು ಎಲ್ಲರಿಗಿಂತ ಮೊದಲು ಓಡಿದರು. ಉಳಿದವರು ಚಪ್ಪಲಿ ಹುಡುಕಿಕೊಂಡು ಒಬ್ಬೊಬ್ಬರೇ ಇಳಿದರು. ಕೊಟ್ರೇಶ ನನ್ನ ಪಕ್ಕದಲ್ಲೇ ಹಾದುಹೋದ. ನಾನು ಒಂದು ಗೇಣೂ ಸರಿಯಲಿಲ್ಲ, ಅವನೇ ಮೈ ಓರೆ ಮಾಡಿಕೊಂಡು ಹೋದ. ಕೊನೆಗೆ ಉಳಿದವರು ವಾಮದೇವಪ್ಪನವರು. ಮೆಟ್ಟಿಲಿಳಿದು, ತಿರುಗಿ ನಿಂತು, ಮನೆ ಬಿಟ್ಟು ಹೊರಡುವವರು ಯಾವಾಗಲೂ ಹೇಳುವ ಮಾತನ್ನೇ ಹೇಳಿದರು.

"ಬರ್ತೀವಮ್ಮಾ. ಬಾಗಲು ಹಾಕ್ಕೋ."

"ಬ್ಯಾಡ್ರಿ" ಎಂದೆ. "ತೆರೆದೇ ಇರ್ಲಿ."